ಚಿಮಣಿ, ಒಲೆ, ಕಪಾಟು: ಅಡುಗೆಮನೆಯಲ್ಲಿ ಎಲ್ಲವೂ ಒಂದಕ್ಕೊಂದು ಹೊಂದುವಂತೆ ಜೋಡಿಸುವುದು ಹೇಗೆ?

ಅಡುಗೆಮನೆ ಮಾಡಿಸುವಾಗ ಹೆಚ್ಚಿನವರು ಮೊದಲು ಕಪಾಟಿನ ಬಣ್ಣ ಆರಿಸುತ್ತಾರೆ. ಆಮೇಲೆ ಗ್ರಾನೈಟ್, ಟೈಲ್ಸ್, ಒಲೆ. ಗೃಹಪ್ರವೇಶಕ್ಕೆ ಒಂದು ವಾರ ಇದೆ ಅನ್ನುವಾಗ ಅಂಗಡಿಗೆ ಹೋಗಿ ಚಿಮಣಿ ತರುತ್ತಾರೆ. ಫಿಟ್ ಮಾಡಲು ಬಂದ ಹುಡುಗ ಗೋಡೆ ನೋಡಿ, "ಮೇಡಂ, ಇಲ್ಲಿ ಬೀಮ್ ಬಂದಿದೆ, ಪೈಪು ಆ ಕಡೆಯಿಂದ ಸುತ್ತಿಸಿ ತಗೋಬೇಕು" ಅನ್ನುತ್ತಾನೆ. ಹೊಸ ಕಪಾಟಿನ ನೆತ್ತಿಯ ಮೇಲೆ ಬೆಳ್ಳಿ ಬಣ್ಣದ ಸುಕ್ಕು ಪೈಪು ಎಂಟು ಹತ್ತು ಅಡಿ ಹರಿಯುತ್ತದೆ. ನೋಡಲೂ ಚೆನ್ನಾಗಿರುವುದಿಲ್ಲ, ಹೊಗೆಯೂ ಸರಿಯಾಗಿ ಹೋಗುವುದಿಲ್ಲ.

ಈ ಕ್ರಮವನ್ನು ತಿರುಗಿಸಿ. ಮೊದಲು ಹೊಗೆಯ ದಾರಿ, ಆಮೇಲೆ ಒಲೆ, ಆಮೇಲೆ ಎತ್ತರ, ಆಮೇಲೆ ಕಪಾಟು, ಎಲ್ಲಕ್ಕಿಂತ ಕೊನೆಗೆ ಬಣ್ಣ. ದಾರಿ ಸರಿಯಿದ್ದರೆ ಅಂದದ ಕೆಲಸ ಮುಕ್ಕಾಲು ಪಾಲು ತಾನಾಗೇ ಮುಗಿಯುತ್ತದೆ. ನಮ್ಮೂರುಗಳಲ್ಲಿ ಸಾಮಾನ್ಯವಾಗಿ ಕಾಣುವ 30x40 ಸೈಟಿನ ಮನೆಯನ್ನೇ ಇಟ್ಟುಕೊಂಡು ನೋಡೋಣ. ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ, ಸೂರು 10 ಅಡಿ ಎತ್ತರ. ಫ್ಲ್ಯಾಟ್, ಬಾಡಿಗೆ ಮನೆ, ಹೆಂಚಿನ ಮನೆಗಳ ವಿಷಯ ಬಂದಾಗ ಅಲ್ಲಲ್ಲೇ ಹೇಳುತ್ತೇನೆ.

ಹೆಜ್ಜೆ 1: ಗೋಡೆಯ ತೂತು ಎಲ್ಲಿ ಬರಬೇಕು?

ವಾಸ್ತು ನೋಡುವವರ ಮನೆಯಲ್ಲಿ ಅಡುಗೆಮನೆ ಆಗ್ನೇಯ ಮೂಲೆಯಲ್ಲಿರುತ್ತದೆ. ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಅಂದರೆ ಒಲೆ ಪೂರ್ವದ ಗೋಡೆಗೆ ಬರುತ್ತದೆ, ಅದು ಹೊರಗೋಡೆಯೂ ಆಗಿರುತ್ತದೆ. ಚಿಮಣಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೇಲೆ ಹೋದ ಪೈಪು ಒಂದೇ ತಿರುವು ತೆಗೆದುಕೊಂಡು ಹೊರಗೆ ಹೋಗಿಬಿಡುತ್ತದೆ.

ತೊಂದರೆ ಬರುವುದು ಕಿಟಕಿಯಿಂದ. ಬೆಳಕು ಬರಲಿ ಅಂತ ಅದೇ ಪೂರ್ವದ ಗೋಡೆಯ ನಡುಮಧ್ಯೆ ಕಿಟಕಿ ಇಟ್ಟಿರುತ್ತಾರೆ, ಅದರ ಎದುರಿಗೇ ಒಲೆ. ಆಗ ಚಿಮಣಿ ನೇತುಹಾಕಲು ಗೋಡೆಯೇ ಸಿಗುವುದಿಲ್ಲ. ಮನೆ ಇನ್ನೂ ಪ್ಲಾನಿನಲ್ಲಿದ್ದರೆ ಕಿಟಕಿಯನ್ನು ಒಂದು ಬದಿಗೆ ಸರಿಸಿ. ಒಲೆಗೆ ಕನಿಷ್ಠ 3 ಅಡಿ ಅಗಲದ ಬರೀ ಗೋಡೆ ಬಿಡಿಸಿ. ಕಟ್ಟಿ ಆಗಿದ್ದರೆ ಒಲೆಯನ್ನೇ ಕಿಟಕಿಯ ಪಕ್ಕಕ್ಕೆ ಸರಿಸಿ. ದಿಕ್ಕು ಬದಲಾಗುವುದಿಲ್ಲ, ಹಿರಿಯರಿಗೂ ಬೇಸರವಾಗುವುದಿಲ್ಲ.

ಈಗ ಎತ್ತರದ ಲೆಕ್ಕ. ಅಡುಗೆ ಕಟ್ಟೆ ನೆಲದಿಂದ 34 ಇಂಚು ಅಂತಿಟ್ಟುಕೊಳ್ಳಿ. ಒಲೆ ಕಟ್ಟೆಯ ಮಟ್ಟಕ್ಕೇ ಕೂತಿದೆ ಅಂದುಕೊಂಡರೆ, ಅದರ ಮೇಲೆ 28 ಇಂಚು ಬಿಟ್ಟು ಚಿಮಣಿಯ ತಳ. ಅಲ್ಲಿಗೆ 62 ಇಂಚು, ಅಂದರೆ 5 ಅಡಿ 2 ಇಂಚು. ಚಿಮಣಿಯ ಒಡಲು ಇನ್ನೊಂದು 18–20 ಇಂಚು. ಪೈಪು ಗೋಡೆಯ ಕಡೆ ತಿರುಗುವ ಜಾಗ 7 ಅಡಿಯ ಆಸುಪಾಸಿಗೆ ಬಂತು. ಆದರೆ ನಮ್ಮ ಕಡೆ ಕಿಟಕಿ ಬಾಗಿಲುಗಳ ತಲೆಯ ಮೇಲೆ ಬರುವ ಕಾಂಕ್ರೀಟಿನ ಲಿಂಟಲ್ ಇರುವುದೂ ಅದೇ 7 ಅಡಿಗೆ! ಎಷ್ಟೋ ಮನೆಗಳಲ್ಲಿ ಲಿಂಟಲ್ ಇಡೀ ಗೋಡೆಯ ಉದ್ದಕ್ಕೂ ಪಟ್ಟಿಯಂತೆ ಓಡಿರುತ್ತದೆ. ಸಾಮಾನು ಇಡುವ ಕಾಂಕ್ರೀಟಿನ ಅಟ್ಟವೂ ಅದೇ ಮಟ್ಟದಲ್ಲಿ ಬರುತ್ತದೆ. ಹೊಸ ಕಪಾಟಿನ ಮೇಲೆ ಪೈಪು ಸುತ್ತುವುದಕ್ಕೆ ಮುಖ್ಯ ಕಾರಣ ಇದೇ.

ಹಾಗಾಗಿ ಕಟ್ಟುವಾಗಲೇ ಮೇಸ್ತ್ರಿಗೆ ಹೇಳಿ, ಒಲೆಯ ನಡುಗೆರೆಗೆ ಸರಿಯಾಗಿ, ಲಿಂಟಲ್ ಪಟ್ಟಿಯ ಮೇಲೆ, 6 ಇಂಚಿನ ಪೈಪು ಸಲೀಸಾಗಿ ತೂರುವಷ್ಟು ತೂತು ಬಿಡಿಸಿ. ಗೋಡೆ ಏಳುವಾಗಲೇ ಒಂದು ಪೈಪಿನ ತುಂಡು ಇಟ್ಟು ಕಟ್ಟಿದರೆ ಸಾಕು. ಅಟ್ಟ ಹಾಕಿಸುವವರು ಒಲೆಯ ಮೇಲಿನ ಭಾಗದಲ್ಲಿ ಅಟ್ಟವನ್ನೇ ಬಿಟ್ಟುಬಿಡಿ. ಆಮೇಲೆ ಬೀಮಿಗೆ ಡ್ರಿಲ್ ಹಾಕುವ ಮಾತು ಯಾರೇ ಆಡಿದರೂ ಒಪ್ಪಬೇಡಿ. ಬೀಮಿನೊಳಗಿನ ಕಬ್ಬಿಣ ಕತ್ತರಿಸಿದರೆ ಮನೆಗೇ ಕುತ್ತು. ಅದಕ್ಕಿಂತ ಪೈಪಿಗೆ ಇನ್ನೊಂದು ತಿರುವು ಬಂದರೂ ಪರವಾಗಿಲ್ಲ.

ಪೈಪಿನ ಬಗ್ಗೆ ನನಗೆ ಸ್ವಲ್ಪ ಹಟವೇ ಇದೆ. ಚಿಮಣಿಯ ಬಾಯಿ 6 ಇಂಚು ಇದ್ದರೆ ಕೊನೆಯವರೆಗೂ 6 ಇಂಚೇ ಇರಬೇಕು. ಗೋಡೆಯಲ್ಲಿ ಹಳೆಯ 4 ಇಂಚಿನ ತೂತು ಇದೆ, ಅದಕ್ಕೇ ಸೇರಿಸಿಬಿಡೋಣ ಅನ್ನುವವರು ಸಿಗುತ್ತಾರೆ. 6ರಿಂದ 4ಕ್ಕೆ ಇಳಿದರೆ ಗಾಳಿ ಹೋಗುವ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ನೂರಕ್ಕೆ ಸುಮಾರು 44 ಪಾಲು ಮಾತ್ರ ಉಳಿಯುತ್ತದೆ. ಮೋಟಾರು ಕೂಗುತ್ತದೆ, ಹೊಗೆ ಒಳಗೇ ಉಳಿಯುತ್ತದೆ. ಪೈಪಿನ ಉದ್ದ 10 ಅಡಿ ದಾಟದಿರಲಿ, ತಿರುವು ಎರಡಕ್ಕಿಂತ ಜಾಸ್ತಿ ಬೇಡ. ಸುಕ್ಕು ಅಲ್ಯೂಮಿನಿಯಂ ಪೈಪು ಹಾಕುವುದಾದರೆ ಅದನ್ನು ಪೂರ್ತಿ ಎಳೆದು ಬಿಗಿ ಮಾಡಿ, ಉಳಿದದ್ದನ್ನು ಕತ್ತರಿಸಿಬಿಡಬೇಕು. ಮಡಚಿ ಅಟ್ಟದೊಳಗೆ ತುರುಕಿದರೆ ಆ ಸುಕ್ಕುಗಳಲ್ಲೇ ಜಿಡ್ಡು ಕೂರುತ್ತದೆ. ಒಳಗೆ ನುಣುಪಾಗಿರುವ ತಗಡಿನ ಪೈಪು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಹಳ್ಳಿಮನೆಗಳಿಗಾಗಿ ಅಸ್ತ್ರ ಒಲೆ ಅನ್ನುವ ಸೌದೆ ಒಲೆ ರೂಪಿಸಿತಲ್ಲ, ಅದನ್ನು ನೋಡಿದವರಿಗೆ ಪೈಪು ನೆಟ್ಟಗಿರಬೇಕು ಅನ್ನುವ ಈ ಮಾತು ಹೊಸದಲ್ಲ. ಅದರಲ್ಲಿ ಮೋಟಾರೇ ಇಲ್ಲ. ನೆಟ್ಟಗೆ ಸೂರು ದಾಟಿ ಮೇಲಕ್ಕೆ ಹೋಗುವ ಕೊಳವೆಯೇ ಹೊಗೆಯನ್ನು ಎಳೆದುಕೊಳ್ಳುತ್ತದೆ.

ಹೆಜ್ಜೆ 2: ಹೊರಗೆ ಹೋದ ಹೊಗೆ ಯಾರ ಮನೆಗೆ?

30x40 ಸೈಟುಗಳಲ್ಲಿ ಪಕ್ಕದ ಮನೆ ಕೆಲವೇ ಅಡಿ ದೂರ. ನಿಮ್ಮ ಒಗ್ಗರಣೆಯ ಘಾಟು ಅವರ ಮಲಗುವ ಕೋಣೆಯ ಕಿಟಕಿಗೆ ಹೊಡೆದರೆ ಜಗಳ ಖಂಡಿತ. ತೂತು ಕೊರೆಯುವ ಮೊದಲು ಹೊರಗೆ ಹೋಗಿ ನಿಂತು ನೋಡಿ. ಅವರ ಕಿಟಕಿಗೆ ನೇರ ಎದುರು ಬರುತ್ತಿದ್ದರೆ ಒಲೆಯನ್ನು ಒಂದೆರಡು ಅಡಿ ಆಚೀಚೆ ಮಾಡಿ. ಇಲ್ಲವೇ ಹೊರಗೆ ಪೈಪಿಗೆ ಒಂದು ಮೊಣಕೈ ಹಾಕಿ ದಿಕ್ಕು ತಿರುಗಿಸಿ.

ಫ್ಲ್ಯಾಟುಗಳಲ್ಲಿ ಪೈಪು ಹೆಚ್ಚಾಗಿ ಯುಟಿಲಿಟಿಗೆ ಬರುತ್ತದೆ. ಅಲ್ಲೇ ವಾಷಿಂಗ್ ಮಷೀನು, ಬಟ್ಟೆ ಒಣಗುವ ದಾರ. ಪೈಪನ್ನು ಅಲ್ಲಿಗೇ ನಿಲ್ಲಿಸಿದರೆ ಒಗೆದ ಬಟ್ಟೆಯಲ್ಲಿ ಬೆಳ್ಳುಳ್ಳಿ ವಾಸನೆ. ಯುಟಿಲಿಟಿಯನ್ನೂ ದಾಟಿಸಿ ಗ್ರಿಲ್ಲಿನ ಆಚೆ ಬಿಡಿ. ಹೊರಗೋಡೆಯಲ್ಲಿ ತೂತು ಹಾಕಲು ಅಸೋಸಿಯೇಷನ್ನಿನವರ ಒಪ್ಪಿಗೆ ಬೇಕಾಗಬಹುದು, ಮೊದಲೇ ಕೇಳಿ. ಸ್ನಾನದಮನೆ ಪೈಪುಗಳು ಇಳಿಯುವ ಶಾಫ್ಟಿಗೆ ಮಾತ್ರ ಬಿಡಬೇಡಿ. ಆ ಹೊಗೆ ಮೇಲಿನವರ ಸ್ನಾನದಮನೆಗೆ ಹೋಗುತ್ತದೆ.

ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವ ಹಾಗಿಲ್ಲದಿದ್ದರೆ ಕಿಟಕಿಯ ಒಂದು ಗಾಜು ತೆಗೆದು, ಅದೇ ಅಳತೆಯ ಅಲ್ಯೂಮಿನಿಯಂ ತಗಡಿಗೆ 6 ಇಂಚಿನ ತೂತು ಮಾಡಿಸಿ ಕೂರಿಸಿ. ಮನೆ ಬಿಡುವಾಗ ಗಾಜು ವಾಪಸ್ ಹಾಕಿದರೆ ಆಯಿತು. ಪೈಪೇ ಇಲ್ಲದೆ ಇದ್ದಿಲಿನ ಫಿಲ್ಟರಿನಲ್ಲಿ ಗಾಳಿ ಸೋಸಿ ಒಳಗೇ ಬಿಡುವ ಚಿಮಣಿಗಳೂ ಇವೆ. ಅವು ಎಣ್ಣೆ ಜಿಡ್ಡನ್ನೂ ವಾಸನೆಯನ್ನೂ ಸ್ವಲ್ಪ ಹಿಡಿಯುತ್ತವೆ ನಿಜ. ಆದರೆ ಬಿಸಿ, ಹಬೆ ಎರಡೂ ಮನೆಯೊಳಗೇ ಉಳಿಯುತ್ತವೆ. ಇದ್ದಿಲಿನ ಫಿಲ್ಟರನ್ನು ಕೆಲವು ತಿಂಗಳಿಗೊಮ್ಮೆ ಬದಲಾಯಿಸುತ್ತಲೇ ಇರಬೇಕು. ದಿನಕ್ಕೆರಡು ಸಲ ಒಗ್ಗರಣೆ ಹಾಕುವ ಮನೆಗೆ ನಾನು ಅದನ್ನು ಹೇಳುವುದಿಲ್ಲ.

ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಹೆಂಚು ಕೊರೆದು ಪೈಪು ಮೇಲಕ್ಕೆ ಎತ್ತಲು ಹೋಗಬೇಡಿ. ಆಷಾಢದ ಮಳೆಗೆ ಅಲ್ಲೇ ಸೋರುತ್ತದೆ. ಗೋಡೆಯಿಂದಲೇ ಹೊರಗೆ ತನ್ನಿ. ಆದರೆ ಸೂರಿನ ಅಂಚು ಮುಂದೆ ಚಾಚಿರುವುದರಿಂದ ಅದರ ಕೆಳಗೇ ಪೈಪು ಮುಗಿದರೆ ಹೊಗೆ ಮೇಲೆದ್ದು ಪಕಾಸಿಗೆ ಜಿಡ್ಡು ಹಿಡಿಯುತ್ತದೆ. ಪೈಪನ್ನು ಸ್ವಲ್ಪ ಕೆಳಮುಖವಾಗಿ ಸೂರಿನಂಚಿನ ಆಚೆಗೆ ತಲುಪಿಸಿ.

ಹೊರಬಾಯಿಗೆ ತಾನಾಗಿ ತೆರೆದು ಮುಚ್ಚುವ ರೆಕ್ಕೆಗಳ ಮುಚ್ಚಳ ಹಾಕಿಸಿ. ಪಾರಿವಾಳ ಬರುತ್ತವೆ ಅಂತ ಸೊಳ್ಳೆ ಪರದೆ ಬಿಗಿಯಬೇಡಿ. ಆ ಸಣ್ಣ ಕಣ್ಣುಗಳಿಗೆ ಜಿಡ್ಡು ಮೆತ್ತಿಕೊಂಡರೆ ದಾರಿಯೇ ಮುಚ್ಚಿಹೋಗುತ್ತದೆ.

ಹೆಜ್ಜೆ 3: ಒಲೆಯನ್ನು ಅಳೆಯಿರಿ, ಆಮೇಲೆ ಚಿಮಣಿಯ ಅಗಲ

ಅಂಗಡಿಗಳಲ್ಲಿ ಚಿಮಣಿ ಮುಖ್ಯವಾಗಿ 60, 75, 90 ಸೆಂ.ಮೀ. ಅಗಲದಲ್ಲಿ ಸಿಗುತ್ತದೆ. ನಿಯಮ ಸರಳ. ಚಿಮಣಿ ಒಲೆಯಷ್ಟು ಅಗಲವಾದರೂ ಇರಬೇಕು, ಸ್ವಲ್ಪ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ಎರಡು ಬರ್ನರಿನ ಒಲೆಗೆ 60 ಸಾಕು. ಮೂರು ಬರ್ನರಿನ ಗಾಜಿನ ಒಲೆ 70–80 ಸೆಂ.ಮೀ. ಉದ್ದ ಇರುತ್ತದೆ. ಅದರ ಮೇಲೆ 60ರ ಚಿಮಣಿ ಹಾಕಿದರೆ ಎರಡೂ ಪಕ್ಕದ ಬರ್ನರುಗಳ ಹೊಗೆ ಚಿಮಣಿಯ ಹೊರಗಿನಿಂದಲೇ ಎದ್ದು ಹೋಗುತ್ತದೆ. ಸಾಮಾನ್ಯವಾಗಿ ಬಾಣಲೆ ಇಡುವುದು ಪಕ್ಕದ ದೊಡ್ಡ ಬರ್ನರಿನ ಮೇಲೇ ಅಲ್ವಾ? ಮೂರು, ನಾಲ್ಕು ಬರ್ನರಿನವರು 90 ತೆಗೆದುಕೊಳ್ಳಿ. ಜಾಗ ಇಲ್ಲದಿದ್ದರೆ 75.

ಬಡಗಿಗಳು ಅಡಿ ಇಂಚಿನಲ್ಲಿ ಅಳೆಯುತ್ತಾರೆ, ಚಿಮಣಿ ಸೆಂಟಿಮೀಟರಿನಲ್ಲಿ ಬರುತ್ತದೆ. 60 ಅಂದರೆ ಹೆಚ್ಚುಕಡಿಮೆ 2 ಅಡಿ, 75 ಅಂದರೆ ಎರಡೂವರೆ ಅಡಿ, 90 ಅಂದರೆ 3 ಅಡಿ. ಎಲ್ಲದರಲ್ಲೂ ಅಡಿಯ ಲೆಕ್ಕವೇ ಒಂದು ಸೆಂಟಿಮೀಟರಿನಷ್ಟು ದೊಡ್ಡದು. ಆ ಸಂದನ್ನು ಹಾಗೇ ಬಿಡಿಸಿ. ಸಂದಿಲ್ಲದೆ ಬಿಗಿಯಾಗಿ ಕೂರಿಸಿದರೆ ಮುಂದೆ ರಿಪೇರಿಗೆ ಚಿಮಣಿ ಇಳಿಸುವಾಗ ಕಪಾಟಿನ ಅಂಚು ಕಿತ್ತು ಬರುತ್ತದೆ.

ಕಟ್ಟೆಯೊಳಗೆ ಕೂರಿಸುವ ಹಾಬ್ ಬೇಕಿದ್ದರೆ ಅದನ್ನು ಮೊದಲು ಕೊಂಡು ಮನೆಗೆ ತನ್ನಿ. ಅದರ ಡಬ್ಬದಲ್ಲಿ ಗ್ರಾನೈಟ್ ಕತ್ತರಿಸುವ ಅಳತೆಯ ಹಾಳೆ ಇರುತ್ತದೆ. ಅದನ್ನು ನೋಡದೆ ಕಲ್ಲು ಕತ್ತರಿಸಲು ಬಿಡಬೇಡಿ. ಒಮ್ಮೆ ಕತ್ತರಿಸಿದ ಕಲ್ಲಿಗೆ ಬೇರೆ ಅಳತೆಯ ಹಾಬ್ ಕೂರುವುದು ಕಷ್ಟ.

ಈ ಹಂತದಲ್ಲಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ನೆಟ್ಟಗೆ ಒಂದು ಗೆರೆ ಎಳೆಸಿ, ತೂಕದ ಗುಂಡು ಬಿಟ್ಟು. ಒಲೆಯ ನಡು, ಚಿಮಣಿಯ ನಡು, ಹೊರಗೆ ಹೋಗುವ ತೂತಿನ ನಡು, ಹಿಂದಿನ ಟೈಲ್ಸಿನ ನಡು, ಎಲ್ಲವೂ ಈ ಗೆರೆಗೇ ಬರಬೇಕು. ಎರಡು ಇಂಚು ತಪ್ಪಿದರೂ ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸುತ್ತಲೇ ಇರುತ್ತದೆ.

ಹೆಜ್ಜೆ 4: ಎತ್ತರ, ಕಪಾಟಿನ ಸಾಲು

ಗ್ಯಾಸ್ ಒಲೆಯ ಮೇಲಿಂದ ಚಿಮಣಿಯ ತಳಕ್ಕೆ 65ರಿಂದ 75 ಸೆಂ.ಮೀ. ಇರಬೇಕು, ಅಂದರೆ 26ರಿಂದ 30 ಇಂಚು. ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಇದಕ್ಕಿಂತ ಕೆಳಗಿದ್ದರೆ ಬೆಂಕಿಯ ಬಿಸಿ ಫಿಲ್ಟರಿಗೆ ತಾಗುತ್ತದೆ, ಜಿಡ್ಡು ಹೊತ್ತಿಕೊಳ್ಳುವ ಭಯವೂ ಇದೆ. ಕುಕ್ಕರಿನ ಸೀಟಿ ನೇರ ಚಿಮಣಿಗೆ ಚಿಮ್ಮುತ್ತದೆ. ತೀರಾ ಮೇಲಿದ್ದರೆ ಹೊಗೆ ಅಷ್ಟರಲ್ಲಿ ಹರಡಿಬಿಟ್ಟಿರುತ್ತದೆ.

ಇಲ್ಲಿ ಅಂದದ ಆಸೆಗೆ ಹಲವರು ಎಡವುತ್ತಾರೆ. ಮೇಲಿನ ಕಪಾಟುಗಳು ಕಟ್ಟೆಯಿಂದ 18–20 ಇಂಚು ಮೇಲೆ ಶುರುವಾಗುತ್ತವೆ. ಚಿಮಣಿಯ ತಳ 26–30 ಇಂಚಿಗೆ. ಎರಡರ ತಳ ಒಂದೇ ಸಾಲಿಗೆ ಬರುವುದಿಲ್ಲ, ಬರಲೂಬಾರದು. "ಒಂದೇ ಲೈನಿಗೆ ಬಂದರೆ ಚೆಂದ" ಅಂತ ಚಿಮಣಿಯನ್ನು ಕೆಳಗಿಳಿಸಲು ಹೇಳಬೇಡಿ. ಸಾಲು ಬೇಕಿದ್ದರೆ ಮೇಲುಗಡೆ ಹೊಂದಿಸಿ. ಕಪಾಟುಗಳ ನೆತ್ತಿಯೂ ಚಿಮಣಿಯ ಪೈಪು ಮುಚ್ಚುವ ಕವರಿನ ನೆತ್ತಿಯೂ ಒಂದೇ ಮಟ್ಟಕ್ಕೆ ನಿಂತರೆ ಇಡೀ ಗೋಡೆ ಅಚ್ಚುಕಟ್ಟಾಗಿ ಕಾಣುತ್ತದೆ. ಕವರ್ ಸಾಲದಿದ್ದರೆ ಉದ್ದದ ಕವರ್ ಬೇರೆಯಾಗಿ ಸಿಗುತ್ತದೆಯೇ ಅಂತ ಕೊಳ್ಳುವಾಗಲೇ ಕೇಳಿ.

ಅಡುಗೆ ಮಾಡುವವರ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಿರಿ. ತಳ 5 ಅಡಿ 2 ಇಂಚಿಗೆ ಬಂದರೆ, 5 ಅಡಿ 8 ಇಂಚಿನವರು ಹಿಂದಿನ ಬರ್ನರಿನ ಪಾತ್ರೆಗೆ ಬಗ್ಗಿದಾಗ ಅಂಚು ಹಣೆಗೆ ತಾಗುತ್ತದೆ. ಅಂಥವರಿಗೆ 30 ಇಂಚು ಬಿಡಿಸಿ, ಅಥವಾ ಮುಂಭಾಗ ಓರೆಯಾಗಿರುವ ಮಾಡೆಲ್ ನೋಡಿ. ಗೋಡೆಗೆ ಮೊಳೆ ಹೊಡೆಯುವ ಮೊದಲು ಚಿಮಣಿಯ ಅಳತೆಗೆ ಒಂದು ರಟ್ಟು ಕತ್ತರಿಸಿ, ಆ ಎತ್ತರದಲ್ಲಿ ಒಬ್ಬರು ಹಿಡಿದು ನಿಲ್ಲಲಿ. ದಿನಾ ಅಡುಗೆ ಮಾಡುವವರು ಕಟ್ಟೆಯ ಮುಂದೆ ನಿಂತು ಸೌಟು ಆಡಿಸಿ ನೋಡಲಿ. ಅಡುಗೆಯವರು, ಅತ್ತೆ, ಮಗ, ಯಾರು ಯಾರು ಒಲೆ ಮುಂದೆ ನಿಲ್ಲುತ್ತಾರೋ ಎಲ್ಲರೂ.

ಹೆಜ್ಜೆ 5: ಆಕಾರ, ಫಿಲ್ಟರು, ಎಳೆತ

ಓರೆ ಗಾಜಿನ ಚಿಮಣಿ ನೋಡಲು ಸಪೂರ, ತಲೆಗೆ ತಾಗುವುದಿಲ್ಲ. ಆದರೆ ಅದರ ಕೆಳಗೆ ಟೊಳ್ಳು ಜಾಗ ಇಲ್ಲ. ಗೋಪುರದ ಆಕಾರದ್ದೂ ಕೆಳಗೆ ಬೋಗುಣಿ ಮಗುಚಿದ ಹಾಗೆ ಟೊಳ್ಳಿರುವ ಪೆಟ್ಟಿಗೆ ಆಕಾರದ್ದೂ ಬುಸ್ಸನೆ ಎದ್ದ ಹೊಗೆಯನ್ನು ಒಂದು ಕ್ಷಣ ಅಲ್ಲೇ ಹಿಡಿದಿಟ್ಟು ಎಳೆದುಕೊಳ್ಳುತ್ತವೆ. ನಮ್ಮ ಅಡುಗೆಯ ಹೊಗೆಯ ಗುಣವೇ ಹಾಗೆ. ಇಡೀ ಹೊತ್ತು ಸಣ್ಣಗೆ ಬರುವುದಲ್ಲ. ಬ್ಯಾಡಗಿ ಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದ ಅರೆಕ್ಷಣದಲ್ಲಿ ಬಂದು ಕೆಮ್ಮಿಸುವಂಥದ್ದು. ಅದಕ್ಕೆ ಟೊಳ್ಳಿರುವ ಆಕಾರವೇ ನನಗಿಷ್ಟ.

ಫಿಲ್ಟರಿನಲ್ಲಿ ಮೂರು ಬಗೆ. ಜಾಲರಿಯದ್ದು ಬೇಗ ಕಟ್ಟಿಕೊಳ್ಳುತ್ತದೆ, ವಾರವಾರ ತೊಳೆಯಬೇಕಾಗುತ್ತದೆ. ಸ್ಟೀಲ್ ಪಟ್ಟಿಗಳ ಬ್ಯಾಫಲ್ ಫಿಲ್ಟರ್ ಹೊಗೆಯನ್ನು ಗಕ್ಕನೆ ತಿರುಗಿಸುತ್ತದೆ. ಗಾಳಿ ತಿರುಗಿ ಹೋಗುತ್ತದೆ, ಭಾರದ ಎಣ್ಣೆ ಹನಿ ಪಟ್ಟಿಗೆ ಬಡಿದು ಅಲ್ಲೇ ಇಳಿಯುತ್ತದೆ. ಫಿಲ್ಟರೇ ಇಲ್ಲದವು ತೊಳೆಯುವ ಕೆಲಸ ಕಡಿಮೆ ಮಾಡುತ್ತವೆ, ಆದರೆ ಎಣ್ಣೆ ಮೋಟಾರಿನ ರೆಕ್ಕೆಯವರೆಗೂ ಹೋಗಿ ಆಮೇಲೆ ಎಣ್ಣೆ ಕೂಡುವ ಬಟ್ಟಲಿಗೆ ಇಳಿಯುತ್ತದೆ. ಮೀನು ಹುರಿಯುವ, ಹಪ್ಪಳ ಸಂಡಿಗೆ ಕರಿಯುವ ಮನೆಗೆ ಬ್ಯಾಫಲ್ ಒಳ್ಳೆಯದು. ಉತ್ತರ ಕರ್ನಾಟಕದ ಮನೆಗಳಲ್ಲಿ ದಿನಾ ಜೋಳದ ರೊಟ್ಟಿ ಬಡಿಯುತ್ತಾರಲ್ಲ, ಅಲ್ಲಿ ಎಣ್ಣೆಗಿಂತ ಬಿಸಿ, ಹಿಟ್ಟಿನ ಪುಡಿ ಜಾಸ್ತಿ. ಹಿಟ್ಟು ಜಿಡ್ಡಿನ ಜೊತೆ ಸೇರಿ ಅಂಟಿನಂತೆ ಆಗುವುದರಿಂದ ಅವರಿಗೂ ಸುಲಭವಾಗಿ ಕಳಚಿ ತೊಳೆಯುವ ಬ್ಯಾಫಲ್ಲೇ ಸರಿ.

ಈಗ ಎಳೆತದ ಅಂಕಿ. ಅಂಗಡಿಯಲ್ಲಿ 1200, 1400, 1500 ಅಂತ ಹೇಳುತ್ತಾರೆ. ಒಂದು ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಅನ್ನುವ ಲೆಕ್ಕ ಅದು. ನಮ್ಮ 10x8 ಅಡುಗೆಮನೆ, 10 ಅಡಿ ಎತ್ತರ, ಒಟ್ಟು 800 ಘನ ಅಡಿ. ಅಂದರೆ ಸುಮಾರು 22.6 ಘನ ಮೀಟರ್. 1000ದ ಚಿಮಣಿ ನಿಜವಾಗಿಯೂ ಅಷ್ಟು ಎಳೆದರೆ ಗಂಟೆಗೆ 44 ಸಲ ಇಡೀ ಕೋಣೆಯ ಗಾಳಿ ಬದಲಾಗುತ್ತದೆ. ಅಷ್ಟು ಬೇಡವೇ ಬೇಡ! ಆದರೆ ಪೈಪಿನ ತಡೆ ಸೇರಿದಾಗ ನಿಜವಾದ ಎಳೆತ ಇದಕ್ಕಿಂತ ಕಡಿಮೆಯಾಗುತ್ತದೆ. ತಿರುವು ಹೆಚ್ಚಿದಷ್ಟೂ ಇನ್ನೂ ಇಳಿಯುತ್ತದೆ. ಆದ್ದರಿಂದ ನೆಟ್ಟಗಿನ ಪೈಪಿರುವ ಇಷ್ಟು ದೊಡ್ಡ ಕೋಣೆಗೆ 1000–1200 ಧಾರಾಳ. 1500ಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು 75ರ ಬದಲು 90ರ ಅಗಲಕ್ಕೆ ಹಾಕಿ.

ಹೊರಗೆ ಹೋದಷ್ಟೇ ಗಾಳಿ ಒಳಗೂ ಬರಬೇಕು. ಕಿಟಕಿ ಬಾಗಿಲೆಲ್ಲ ಮುಚ್ಚಿ ಚಿಮಣಿ ಹಾಕಿದರೆ ಅದು ಏದುಸಿರು ಬಿಡುತ್ತದೆ. ಒಲೆಯಿಂದ ದೂರದ ಕಿಟಕಿಯನ್ನೋ ಊಟದ ಕೋಣೆಯ ಬಾಗಿಲನ್ನೋ ತೆರೆದಿಡಿ. ಒಲೆಯ ಪಕ್ಕದ ಕಿಟಕಿ ಮುಚ್ಚಿರಲಿ. ಅಲ್ಲಿಂದ ಬರುವ ಗಾಳಿ ಹೊಗೆಯನ್ನು ಚಿಮಣಿಯ ಕೆಳಗಿಂದ ತಳ್ಳಿಕೊಂಡು ಹೋಗುತ್ತದೆ.

ಹೆಜ್ಜೆ 6: ಉಳಿದ ಯಂತ್ರಗಳು ಎಲ್ಲಿ ನಿಲ್ಲಬೇಕು

ಹಳೆಯ ಎಕ್ಸಾಸ್ಟ್ ಫ್ಯಾನ್ ಚಿಮಣಿಯ ಹತ್ತಿರವೇ ಇದ್ದರೆ ಅದರ ಕಿಂಡಿಯಿಂದ ಹೊರಗಿನ ಗಾಳಿ ನುಗ್ಗಿ ನೇರ ಚಿಮಣಿಗೆ ಹೋಗುತ್ತದೆ. ಹೊಗೆ ಹಾಗೇ ಉಳಿಯುತ್ತದೆ. ಫ್ಯಾನನ್ನು ದೂರದ ಗೋಡೆಗೆ ಸರಿಸಿ, ಇಲ್ಲವೇ ತೆಗೆದು ಕಿಂಡಿ ಮುಚ್ಚಿಸಿ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಸೀಲಿಂಗ್ ಫ್ಯಾನ್ ಇದ್ದರೆ ಒಗ್ಗರಣೆ ಹೊತ್ತಿನಲ್ಲಿ ಆರಿಸಿ.

ಫ್ರಿಜ್ಜು ಒಲೆಗೆ ಅಂಟಿಕೊಂಡಿರಬಾರದು. ನಡುವೆ ಎರಡು ಅಡಿ ಕಟ್ಟೆಯಾದರೂ ಇರಲಿ, ಆಗದಿದ್ದರೆ ಒಂದು ಅಡ್ಡ ಹಲಗೆ ಕೊಡಿಸಿ. ಮೈಕ್ರೋವೇವ್, ನೀರಿನ ಫಿಲ್ಟರು, ಮಿಕ್ಸಿ ಇವೆಲ್ಲ ಚಿಮಣಿಯಿಂದ ದೂರ ಇದ್ದಷ್ಟೂ ಒರೆಸುವ ಕೆಲಸ ಕಡಿಮೆ. ಎಷ್ಟೇ ಒಳ್ಳೆಯ ಚಿಮಣಿಯಾದರೂ ಒಲೆಯ ಆಚೀಚೆ ಒಂದಿಷ್ಟು ಜಿಡ್ಡು ಬಿದ್ದೇ ಬೀಳುತ್ತದೆ.

ಚಿಮಣಿಯ ಪ್ಲಗ್ ಪಾಯಿಂಟನ್ನು ಅದರ ಒಡಲಿನ ಮೇಲೆ, ಪೈಪಿನ ಕವರಿನ ಹಿಂದೆ ಮರೆಯಾಗುವಂತೆ ಕೊಡಿಸಿ. ಅದರ ಸ್ವಿಚ್ಚು ಮಾತ್ರ ಕೈಗೆ ಸಿಗುವ ಬೋರ್ಡಿನಲ್ಲಿರಲಿ. ಒಲೆಯ ನೇರ ಹಿಂದೆ ಯಾವ ಸ್ವಿಚ್ ಬೋರ್ಡೂ ಬೇಡ. ವೈರಿಂಗ್ ಮುಗಿದ ಮೇಲೆ ನೆನಪಾದರೆ ಟೈಲ್ಸಿನ ಮೇಲೆ ವೈರಿನ ಬಿಳಿ ಪಟ್ಟಿ ಓಡಿಸಬೇಕಾಗುತ್ತದೆ.

ಹೆಜ್ಜೆ 7: ಬಣ್ಣ, ಹೊಳಪು, ಟೈಲ್ಸ್, ಬೆಳಕು

ಈಗ ಅಂದದ ಮಾತಿಗೆ ಬರೋಣ. ಫ್ರಿಜ್ಜು, ಓವನ್, ಚಿಮಣಿ, ಒಲೆ ಎಲ್ಲವೂ ಒಂದೇ ಬಣ್ಣ, ಒಂದೇ ಕಂಪನಿ ಆಗಬೇಕಿಲ್ಲ. ಕಣ್ಣಿಗೆ ಒಟ್ಟಿಗೆ ಬೀಳುವುದು ಚಿಮಣಿ ಮತ್ತು ಒಲೆ. ಇವೆರಡು ಜೋಡಿಯಾದರೆ ಸಾಕು. ಕಪ್ಪು ಗಾಜಿನ ಹಾಬ್ ಮೇಲೆ ಕಪ್ಪು ಗಾಜಿನ ಚಿಮಣಿ, ಸ್ಟೀಲ್ ಒಲೆಯ ಮೇಲೆ ಸ್ಟೀಲ್ ಚಿಮಣಿ. ಎದುರು ಗೋಡೆಯ ಫ್ರಿಜ್ಜು ಕೆಂಪಿದ್ದರೂ ಯಾರಿಗೂ ಅಡ್ಡಿಯಾಗುವುದಿಲ್ಲ. ಓವನ್ ಅದೇ ಗೋಡೆಯಲ್ಲಿ ಕಪಾಟಿನೊಳಗೆ ಕೂರುತ್ತಿದ್ದರೆ ಮಾತ್ರ ಅದನ್ನೂ ಈ ಜೋಡಿಗೆ ಸೇರಿಸಿ.

ಲೋಹದ ಬಣ್ಣ ಎರಡಕ್ಕಿಂತ ಜಾಸ್ತಿ ಬೇಡ. ಚಿಮಣಿ ಸ್ಟೀಲ್, ಹಿಡಿಕೆಗಳು ಸ್ಟೀಲ್, ನಲ್ಲಿಯೂ ಸ್ಟೀಲ್ ಇದ್ದು, ತೂಗುಹಾಕಿದ ಹಿತ್ತಾಳೆ ಪಾತ್ರೆಗಳು ಎರಡನೆಯ ಬಣ್ಣವಾದರೆ ಚೆನ್ನಾಗಿರುತ್ತದೆ. ಹಿಡಿಕೆ ಚಿನ್ನದ ಬಣ್ಣ, ನಲ್ಲಿ ಕಪ್ಪು, ಚಿಮಣಿ ಸ್ಟೀಲ್, ದೀಪ ತಾಮ್ರ ಅಂತ ಹೋದರೆ ಅಂಗಡಿಯ ಶೋಕೇಸಿನಂತೆ ಆಗಿಬಿಡುತ್ತದೆ.

ಕಪ್ಪು ಗ್ರಾನೈಟ್ ಕಟ್ಟೆ ನಮ್ಮಲ್ಲಿ ತುಂಬಾ ಕಡೆ ಇದೆ. ಅದರ ಮೇಲೆ ಕಪ್ಪು ಹಾಬ್ ಕಲೆತುಹೋಗುತ್ತದೆ, ಒಲೆ ಇದೆಯೋ ಇಲ್ಲವೋ ಅನ್ನುವಷ್ಟು ಅಚ್ಚುಕಟ್ಟು. ಮೇಲೆ ಕಪ್ಪು ಚಿಮಣಿ, ಹಿಂದೆ ತಿಳಿ ಬಣ್ಣದ ಟೈಲ್ಸ್ ಬಂದರೆ ಅಂದ ಹೆಚ್ಚುತ್ತದೆ. ಹಿಂದಿನ ಗೋಡೆಯೂ ಕಡು ಬಣ್ಣವಾದರೆ ಹಗಲಲ್ಲೂ ಲೈಟು ಬೇಕಾಗುತ್ತದೆ. ಹೊಳೆಯುವ ಕಪ್ಪು ಗಾಜಿನ ಮೇಲೆ ಎಣ್ಣೆ ಬೆರಳಿನ ಗುರುತು ಎದ್ದು ಕಾಣುತ್ತದೆ, ದಿನಾ ಒರೆಸಬೇಕು. ಅಷ್ಟು ಪುರುಸೊತ್ತಿಲ್ಲದವರಿಗೆ ಹೊಳಪಿಲ್ಲದ ಸ್ಟೀಲ್ ಮೇಲ್ಮೈ ಒಳ್ಳೆಯದು. ಕಲೆ ಕಾಣುವುದಿಲ್ಲ, ಗೆರೆ ಬಿದ್ದರೂ ಅಷ್ಟಾಗಿ ಗೊತ್ತಾಗುವುದಿಲ್ಲ.

ತೇಗದ ಕಪಾಟು, ಕಾವಿ ಬಣ್ಣದ ರೆಡ್ ಆಕ್ಸೈಡ್ ನೆಲ, ಹಿತ್ತಾಳೆ ಕೊಡಗಳಿರುವ ಮನೆಗೆ ಮಿನುಗುವ ಟಚ್ ಬಟನ್ನಿನ ಗಾಜಿನ ಚಿಮಣಿ ಒಗ್ಗುವುದಿಲ್ಲ. ಸಾದಾ ಸ್ಟೀಲಿನ ಗೋಪುರದ ಆಕಾರ ಹಾಕಿ. ಅಥವಾ ಮೋಟಾರು ಫಿಲ್ಟರಿನ ಭಾಗ ಮಾತ್ರ ಇರುವ ಮಾಡೆಲ್ ತಂದು, ಸುತ್ತ ಸಿಮೆಂಟ್ ಬೋರ್ಡಿನ ಗೂಡು ಕಟ್ಟಿಸಿ ಸುಣ್ಣ ಬಳಿಸಿ. ಹಳೆಯ ಮನೆಯ ಹೊಗೆಗೂಡಿನ ಹಾಗೆ ಕಾಣುತ್ತದೆ. ಒಲೆಯ ಮೇಲೆ ಬರುವ ಈ ಗೂಡಿಗೆ ಪ್ಲೈವುಡ್ ಬೇಡ. ರಿಪೇರಿಯವರ ಕೈ ಹೋಗುವಷ್ಟು ಒಂದು ಬಾಗಿಲು ಮರೆಯದೆ ಇಡಿಸಿ.

ಚಿಮಣಿಯ ಎರಡೂ ಪಕ್ಕದ ಕಪಾಟುಗಳಿಗೆ ಹಬೆ ಹೆಚ್ಚು ಬಡಿಯುತ್ತದೆ. ಅಲ್ಲಿ ನೀರಿಗೆ ತಡೆಯುವ ಬಿಡಬ್ಲ್ಯೂಪಿ ಪ್ಲೈವುಡ್ ಹಾಕಿಸಿ. ಹಲಗೆಯ ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತದೆ, ಕತ್ತರಿಸುವ ಮೊದಲು ನೋಡಿ. ಅಂಚಿನ ಪಟ್ಟಿಯನ್ನು ಮಷೀನಿನಲ್ಲಿ ಒತ್ತಿಸಿ. ಕೈಯಲ್ಲಿ ಅಂಟಿಸಿದ ಪಟ್ಟಿ ಮೊದಲು ಬಾಯಿ ಬಿಡುವುದು ಇಲ್ಲೇ.

ಟೈಲ್ಸನ್ನು ಕಟ್ಟೆಯಿಂದ ಎರಡು ಅಡಿಗೆ ನಿಲ್ಲಿಸದೆ, ಚಿಮಣಿಯ ತಳ ದಾಟಿ ಒಳಗೆ ಹೋಗುವವರೆಗೂ ಹಾಕಿಸಿ. ನಡುವೆ ಬಿಟ್ಟ ಆರು ಇಂಚಿನ ಪೇಂಟಿನ ಪಟ್ಟಿ ಬೇಗ ಹಳದಿಯಾಗುತ್ತದೆ. ಸಂದುಗಳು ಕಡಿಮೆ ಇರಲಿ ಅಂತ ದೊಡ್ಡ ಟೈಲ್ಸ್ ಆರಿಸಿ, ಸಂದಿಗೆ ಎಪಾಕ್ಸಿ ತುಂಬಿಸಿ. ಎಪಾಕ್ಸಿಗೆ ಅರಿಶಿನದ ಕಲೆ ಸುಲಭವಾಗಿ ಹಿಡಿಯುವುದಿಲ್ಲ. ತಮಿಳುನಾಡಿನ ಆತಂಗುಡಿ ಟೈಲ್ಸ್ ಈಗ ಬೆಂಗಳೂರು, ಮೈಸೂರಿನ ಮನೆಗಳಿಗೂ ಬಂದಿದೆ. ನೋಡಲು ಬಲು ಚೆಂದ, ಆದರೆ ಅದು ಸಿಮೆಂಟಿನದು, ಎಣ್ಣೆ ಹೀರುತ್ತದೆ. ಅದನ್ನು ನೆಲಕ್ಕೋ ಊಟದ ಮೇಜಿನ ಪಕ್ಕದ ಗೋಡೆಗೋ ಹಾಕಿ, ಒಲೆಯ ಹಿಂದೆ ಬೇಡ. ಹಿಂದಿನ ಟೈಲ್ಸಿನಲ್ಲಿ ಚಿತ್ತಾರ ಇದ್ದರೆ ಚಿಮಣಿ ಸಾದಾ ಇರಲಿ. ಚಿಮಣಿಯೇ ಎದ್ದು ಕಾಣಬೇಕು ಅಂದರೆ ಗೋಡೆ ಸಾದಾ ಇರಲಿ.

ಬೆಳಕನ್ನು ಯಾರೂ ಗಮನಿಸುವುದಿಲ್ಲ. ಚಿಮಣಿಯ ಲೈಟು ಅಚ್ಚ ಬಿಳಿ, ಕಪಾಟಿನ ಕೆಳಗಿನ ಪಟ್ಟಿ ಲೈಟು ಹಳದಿ ಆದರೆ ಒಂದೇ ಗೋಡೆ ಎರಡು ಬಣ್ಣಕ್ಕೆ ತಿರುಗುತ್ತದೆ. ಎರಡರ ಬೆಳಕಿನ ಬಣ್ಣವೂ 4000 ಕೆಲ್ವಿನ್ ಆಸುಪಾಸಿಗೆ ಇದ್ದರೆ ಪಲ್ಯ ಬೆಂದಿದೆಯೋ ಸೀದಿದೆಯೋ ಬಣ್ಣದಲ್ಲೇ ಗೊತ್ತಾಗುತ್ತದೆ. ಚಿಮಣಿ ಕೊಂಡ ಮೇಲೆ ಅದರ ಬೆಳಕು ನೋಡಿಯೇ ಪಟ್ಟಿ ಲೈಟು ತನ್ನಿ.

ಹೆಜ್ಜೆ 8: ಫಿಟ್ಟಿಂಗ್ ದಿನ

ಮನೆಯಲ್ಲಿ ಒಬ್ಬರು ನಿಂತು ನೋಡಿ. ನಡುಗೆರೆಗೆ ಬಂತೇ, ಪೈಪು ಬಿಗಿಯಾಗಿ ಎಳೆದಿದ್ದಾರೆಯೇ, ಪೈಪು ಕೂಡುವ ಕಡೆ ಟೇಪು ಸರಿಯಾಗಿ ಸುತ್ತಿದ್ದಾರೆಯೇ, ಗೋಡೆಯ ತೂತಿನ ಸುತ್ತ ಸಂದು ಮುಚ್ಚಿದ್ದಾರೆಯೇ. ಮಳೆ ನೀರು ಒಳಗೆ ಬರದಂತೆ ಪೈಪು ಹೊರಗಡೆಗೆ ತುಸು ಇಳಿಜಾರಾಗಿರಬೇಕು.

ಕೆಲಸದವರು ಹೋಗುವ ಮೊದಲೇ ಒಂದು ಊದುಬತ್ತಿ ಹಚ್ಚಿ. ಚಿಮಣಿಯನ್ನು ನಡುವೇಗಕ್ಕೆ ಹಾಕಿ, ಊದುಬತ್ತಿಯನ್ನು ಒಂದೊಂದೇ ಬರ್ನರಿನ ಮೇಲೆ ಹಿಡಿಯಿರಿ. ಹೊಗೆಯ ಎಳೆ ಮೊದಲು ನೆಟ್ಟಗೆ ಏಳುತ್ತದೆ, ಒಂದು ಗೇಣು ಮೇಲೆ ಹೋದ ಮೇಲೆ ಬಾಗಿ ಫಿಲ್ಟರಿನ ಕಡೆ ಓಡುತ್ತದೆ. ಮುಂಭಾಗದ ಬರ್ನರಿನ ಮೇಲೆ ಹಿಡಿದಾಗ ಎಳೆ ನಿಮ್ಮ ಮುಖದ ಕಡೆ ಬಂದರೆ ಒಲೆಯನ್ನು ಎರಡು ಇಂಚು ಗೋಡೆಯ ಕಡೆ ತಳ್ಳಿ ನೋಡಿ. ಕಟ್ಟೆಯ ಅಗಲ 24 ಇಂಚು ಇರುತ್ತದೆ, ಎಷ್ಟೋ ಚಿಮಣಿಗಳು ಮುಂದಕ್ಕೆ ಅಷ್ಟು ಚಾಚುವುದಿಲ್ಲ. ಹೊರಗೆ ಒಬ್ಬರು ನಿಂತು ಮುಚ್ಚಳದ ರೆಕ್ಕೆಗಳು ಪೂರ್ತಿ ತೆರೆದುಕೊಂಡಿವೆಯೇ ನೋಡಲಿ. ಅರ್ಧ ಮಾತ್ರ ತೆರೆದರೆ ಪೈಪಿನಲ್ಲಿ ಎಲ್ಲೋ ಮಡಿಕೆ ಬಿದ್ದಿದೆ, ಆಗಲೇ ಬಿಚ್ಚಿಸಿ ಸರಿಮಾಡಿಸಿ.

ಹೆಜ್ಜೆ 9: ಬಳಸುವುದು, ತೊಳೆಯುವುದು

ಒಲೆ ಹಚ್ಚುವ ಎರಡು ಮೂರು ನಿಮಿಷ ಮೊದಲೇ ಚಿಮಣಿ ಹಾಕಿ, ಅಡುಗೆ ಮುಗಿದ ಮೇಲೂ ಐದಾರು ನಿಮಿಷ ಓಡಲಿ. ಅನ್ನ, ಸಾರು ಕುದಿಯುವಾಗ ಕಡಿಮೆ ವೇಗ ಸಾಕು. ಒಗ್ಗರಣೆಗೆ, ಕರಿಯುವುದಕ್ಕೆ ಮಾತ್ರ ಹೆಚ್ಚಿನ ವೇಗ. ಹೀಗಾದರೆ ಸದ್ದಿನ ಕಾಟವೂ ಇರುವುದಿಲ್ಲ.

ಸ್ಟೀಲ್ ಬ್ಯಾಫಲ್ ಫಿಲ್ಟರನ್ನು ಎರಡು ಮೂರು ವಾರಕ್ಕೊಮ್ಮೆ ಬಿಸಿನೀರು, ಅಡುಗೆ ಸೋಡಾ, ಪಾತ್ರೆ ಸೋಪಿನಲ್ಲಿ ಅರ್ಧ ಗಂಟೆ ನೆನೆಸಿ ಬ್ರಷ್ಷಿನಲ್ಲಿ ಉಜ್ಜಿ. ಪೂರ್ತಿ ಒಣಗಿದ ಮೇಲೆಯೇ ವಾಪಸ್ ಹಾಕಿ. ಅಲ್ಯೂಮಿನಿಯಂ ಜಾಲರಿಯಾದರೆ ಸೋಡಾ ಬಿಟ್ಟು ಬರೀ ಸೋಪು ನೀರು ಬಳಸಿ, ಕಾಸ್ಟಿಕ್ ಸೋಡಾದ ಹತ್ತಿರವಂತೂ ತರಬೇಡಿ. ಆಟೋ ಕ್ಲೀನ್ ಇರುವವರು ಬಟನ್ ಒತ್ತಿದರೆ ಮುಗಿಯಿತು ಅಂದುಕೊಳ್ಳಬೇಡಿ. ಅದು ಒಳಗಿನ ಜಿಡ್ಡನ್ನು ಕರಗಿಸಿ ಬಟ್ಟಲಿಗೆ ಇಳಿಸುತ್ತದೆ, ಬಟ್ಟಲು ಖಾಲಿ ಮಾಡುವುದು ನಿಮ್ಮ ಕೆಲಸ. ತುಂಬಿದ ಬಟ್ಟಲಿನಿಂದ ಎಣ್ಣೆ ಹನಿ ಒಲೆಯ ಮೇಲೆ ಬಿದ್ದರೆ ಅಪಾಯ. ವರ್ಷಕ್ಕೊಮ್ಮೆ ಪೈಪು ಬಿಚ್ಚಿಸಿ ಒಳಗೆ ಟಾರ್ಚ್ ಬಿಟ್ಟು ನೋಡಿ, ಅದೇ ದಿನ ಹೊರಗಿನ ಮುಚ್ಚಳದ ರೆಕ್ಕೆಗಳ ಜಿಡ್ಡನ್ನೂ ಒರೆಸಿಸಿ. ಮಳೆಗಾಲ ಶುರುವಾಗುವ ಮೊದಲು, ಮೇ ತಿಂಗಳಲ್ಲಿ ಮಾಡಿಸಿಕೊಂಡರೆ ಅನುಕೂಲ.